ಶಾಸನ, ವೀರಗಲ್ಲು ಫೋಟೊಗಳಿಗೆ ಒಂದೊಂದಾಗಿ ಹೆಸರಿಡುವ ಸ್ಕ್ರಿಪ್ಟ್: ಪ್ರಶ್ನೆಯನ್ನೇ ಕೇಳದೆ ಮುಂದೆ ಓಡುತ್ತಿದೆ

ಕಲ್ಲುಬರಹ

ಎಲ್ಲರಿಗೂ ನಮಸ್ಕಾರ. ನಮ್ಮದು ಹಾಸನ ಜಿಲ್ಲೆಯ ಊರುಗಳಲ್ಲಿ ಶಾಸನ, ವೀರಗಲ್ಲು, ಮಾಸ್ತಿಗಲ್ಲುಗಳ ಫೋಟೊ ತೆಗೆದು ಜೋಡಿಸಿಡುವ ಸಣ್ಣ ಗುಂಪು. ಫೋಟೊಗಳೆಲ್ಲ ಕ್ಯಾಮೆರಾ ಕೊಟ್ಟ ಹೆಸರಲ್ಲೇ ಇವೆ. ಒಂದು ಅಕ್ಷರಮಾಲೆ, ಮುಂದೆ ನಂಬರ್, ಅಷ್ಟೇ. ಬೇಲೂರಿನದ್ದು ಯಾವುದು, ದೊಡ್ಡಗದ್ದವಳ್ಳಿಯದ್ದು ಯಾವುದು ಅಂತ ತೆರೆದು ನೋಡಿದರೇನೇ ಗೊತ್ತಾಗುವುದು.

ಊರು, ಕಲ್ಲಿನ ಬಗೆ, ಕ್ರಮಸಂಖ್ಯೆ ಸೇರಿಸಿ ಕನ್ನಡದಲ್ಲೇ ಹೆಸರಿಡಬೇಕು ಅಂತ ತೀರ್ಮಾನ ಮಾಡಿದ್ದೇವೆ. ಇದನ್ನು ಒಂದೇ ಏಟಿಗೆ ಮಾಡಲು ಆಗುವುದಿಲ್ಲ. ಪ್ರತಿ ಫೋಟೊವನ್ನೂ ಮನುಷ್ಯನೇ ನೋಡಿ ಹೇಳಬೇಕು. ಅದಕ್ಕೆ ಬ್ಯಾಶ್‌ನಲ್ಲಿ (ಟರ್ಮಿನಲ್‌ನಲ್ಲಿ ಕಮಾಂಡ್ ಓಡಿಸುವ ಶೆಲ್) ಸಣ್ಣ ಸ್ಕ್ರಿಪ್ಟ್ ಬರೆಯುತ್ತಿದ್ದೇನೆ. ಫೈಂಡ್ ಕಮಾಂಡ್‌ನಿಂದ ಬರುವ ಪಟ್ಟಿಯನ್ನು ಪೈಪ್ ಮೂಲಕ ವೈಲ್ ಲೂಪ್‌ಗೆ ಕೊಟ್ಟಿದ್ದೇನೆ. ಲೂಪ್ ಒಳಗೆ ಇನ್ನೊಂದು ರೀಡ್ (ಒಂದು ಸಾಲು ಓದಿಕೊಳ್ಳುವ ಕಮಾಂಡ್) ಇಟ್ಟು "ಹೊಸ ಹೆಸರು?" ಅಂತ ಕೇಳಿಸುತ್ತಿದ್ದೇನೆ. ಕೊನೆಗೆ ಹೆಸರು ಬದಲಿಸುವ ಎಂವಿ ಕಮಾಂಡ್.

ಆದರೆ ಪ್ರಶ್ನೆ ತೆರೆಯ ಮೇಲೆ ಬರುವುದೇ ಇಲ್ಲ. ಸ್ಕ್ರಿಪ್ಟ್ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುತ್ತದೆ. ಸದ್ಯಕ್ಕೆ ಎಂವಿ ಮುಂದೆ ಎಕೋ ಇಟ್ಟಿರುವುದರಿಂದ ಏನು ಮಾಡಲು ಹೊರಟಿದೆ ಅನ್ನುವುದಷ್ಟೇ ಅಚ್ಚಾಗುತ್ತಿದೆ. ಅದು ಹೀಗಿದೆ: ಒಂದನೇ ಫೋಟೊಗೆ ಎರಡನೇ ಫೋಟೊದ ಹೆಸರು, ಮೂರನೆಯದಕ್ಕೆ ನಾಲ್ಕನೆಯದರ ಹೆಸರು. ಯಾಕೆ ಹೀಗೆ?

ಪೂರ್ತಿ ಕೋಡ್ ಬರೆದು ಕೊಡಬೇಡಿ. ದಾರಿ ಹೇಳಿ, ನಾನೇ ಬರೆದು ಕಲಿಯಬೇಕು.

ಪೈಪ್‌ಲೈನ್_ಪ್ರಿಯ

ಎಕೋ ಇಟ್ಟು ಓಡಿಸಿದ್ದು ತುಂಬಾ ಒಳ್ಳೆಯದಾಯಿತು. ಅದು ಇಲ್ಲದಿದ್ದರೆ ಒಂದನೇ ಫೋಟೊ ಎರಡನೆಯದರ ಮೇಲೆ ಕೂರುತ್ತಿತ್ತು, ಮೂರನೆಯದು ನಾಲ್ಕನೆಯದರ ಮೇಲೆ. ಅರ್ಧಕ್ಕರ್ಧ ಫೋಟೊ ಹೋಗುತ್ತಿದ್ದವು. ಎಂವಿ ಡಿಲೀಟ್ ಮಾಡಿದ್ದನ್ನು ಕಸದ ಬುಟ್ಟಿಗೆ ಹಾಕುವುದಿಲ್ಲ. ತಿದ್ದಿಬರೆದರೆ ಹೋಯಿತು ಅಂತಲೇ ಲೆಕ್ಕ.

ಕಾರಣ ಇದು. ಪೈಪ್ ಹಾಕಿದ ತಕ್ಷಣ ಇಡೀ ಲೂಪ್‌ನ ಸ್ಟ್ಯಾಂಡರ್ಡ್ ಇನ್‌ಪುಟ್ ಫೈಂಡ್‌ನ ಪಟ್ಟಿಯಾಗುತ್ತದೆ, ಕೀಬೋರ್ಡ್ ಅಲ್ಲ. ಹೊರಗಿನ ರೀಡ್ ಮೊದಲ ಸಾಲು ತೆಗೆದುಕೊಳ್ಳುತ್ತದೆ. ಒಳಗಿನ ರೀಡ್ ನಿಮ್ಮ ಉತ್ತರಕ್ಕೆ ಕಾಯುವ ಬದಲು ಅದೇ ಪಟ್ಟಿಯ ಎರಡನೇ ಸಾಲನ್ನು ಎತ್ತಿಕೊಳ್ಳುತ್ತದೆ. ಅದೇ ನಿಮ್ಮ ಉತ್ತರ ಅಂದುಕೊಳ್ಳುತ್ತದೆ. ಪ್ರಶ್ನೆ ಕಾಣದಿರುವುದಕ್ಕೂ ಇದೇ ಕಾರಣ. ರೀಡ್‌ಗೆ ಮೈನಸ್ ಪಿ ಕೊಟ್ಟು ಇಟ್ಟ ಪ್ರಶ್ನೆ ತೆರೆಗೆ ಬರುವುದು ಇನ್‌ಪುಟ್ ಟರ್ಮಿನಲ್‌ನಿಂದ ಬರುತ್ತಿದ್ದಾಗ ಮಾತ್ರ.

ಸರಿಪಡಿಸಲು ಎರಡು ದಾರಿ ಇವೆ. ಸುಲಭದ್ದು: ಒಳಗಿನ ರೀಡ್‌ಗೆ ಇನ್‌ಪುಟ್ ಅನ್ನು ಡೆವ್ ಟಿಟಿವೈ ಫೈಲ್‌ನಿಂದ ಕೊಡಿ. ಅದು ಯಾವಾಗಲೂ ನಿಮ್ಮ ಕೀಬೋರ್ಡೇ. ಅಚ್ಚುಕಟ್ಟಾದದ್ದು: ಪೈಪ್ ಬಿಡಿ. ಫೈಂಡ್‌ನ ಪಟ್ಟಿಯನ್ನು ಪ್ರೋಸೆಸ್ ಸಬ್‌ಸ್ಟಿಟ್ಯೂಶನ್ ಮೂಲಕ 3ನೇ ಫೈಲ್ ಡಿಸ್ಕ್ರಿಪ್ಟರ್‌ಗೆ (ಇನ್‌ಪುಟ್ ಬರುವ ನಂಬರ್ ಹಾಕಿದ ದಾರಿ) ಕೊಡಿ, ಹೊರಗಿನ ರೀಡ್‌ಗೆ ಮೈನಸ್ ಯು 3 ಅನ್ನಿ. ಆಗ ಕೀಬೋರ್ಡ್ ಒಳಗಿನ ರೀಡ್‌ಗೆ ಖಾಲಿ ಇರುತ್ತದೆ. ನಾನು ಎರಡನೆಯದನ್ನೇ ಬಳಸುತ್ತೇನೆ. ಪೈಪ್ ಹಾಕಿದರೆ ಲೂಪ್ ಬೇರೆ ಸಬ್‌ಶೆಲ್‌ನಲ್ಲಿ ಓಡುತ್ತದೆ. ಒಳಗೆ ಎಣಿಸಿದ ಎಣಿಕೆ ಲೂಪ್ ಮುಗಿದ ಮೇಲೆ ಹೊರಗೆ ಸಿಗುವುದಿಲ್ಲ. ಈ ದಾರಿಯಲ್ಲಿ ಆ ತಲೆನೋವೂ ಇಲ್ಲ.

ಇನ್ನೊಂದು ಮಾತು. ಫೈಂಡ್‌ಗೆ ಪ್ರಿಂಟ್0 (ಹೆಸರುಗಳನ್ನು ಸೊನ್ನೆ ಬೈಟ್‌ನಿಂದ ಬೇರ್ಪಡಿಸುವ ಆಯ್ಕೆ) ಕೊಡಿ. ಹೊರಗಿನ ರೀಡ್‌ಗೆ ಮೈನಸ್ ಆರ್, ಜೊತೆಗೆ ಖಾಲಿ ಡಿಲಿಮಿಟರ್ ಕೊಡಿ, ಐಎಫ್‌ಎಸ್ ಖಾಲಿ ಮಾಡಿ. ಹೆಸರಲ್ಲಿ ಸ್ಪೇಸ್ ಇರಲಿ, ಸಾಲು ಮುರಿಯುವ ಅಕ್ಷರವೇ ಇರಲಿ, ತೊಂದರೆ ಬರುವುದಿಲ್ಲ. ವೇರಿಯಬಲ್‌ಗಳಿಗೆಲ್ಲ ಡಬಲ್ ಕೋಟ್ ಕಡ್ಡಾಯ.

ಕಲ್ಲುಬರಹ

3ನೇ ಡಿಸ್ಕ್ರಿಪ್ಟರ್ ದಾರಿ ಹಿಡಿದೆ. ಈಗ ಪ್ರತಿ ಫೋಟೊಗೂ ನಿಂತು ಕೇಳುತ್ತಿದೆ, ತುಂಬಾ ಧನ್ಯವಾದ!

ಇನ್ನೆರಡು ಆಸೆ ಇವೆ. ಹಳೆಯ ಹೆಸರು ಪ್ರಶ್ನೆಯ ಮುಂದೆ ಮೊದಲೇ ತುಂಬಿಕೊಂಡು ಬರಬೇಕು, ಅದನ್ನೇ ತಿದ್ದುವಂತಿರಬೇಕು. ಹೆಸರು ಕೇಳುವಾಗ ಫೋಟೊ ಪಕ್ಕದಲ್ಲಿ ಕಾಣಬೇಕು.

ತುಂಗೆಯ_ತಡಿ

ಮೊದಲನೆಯದು ಬ್ಯಾಶ್‌ನಲ್ಲೇ ಇದೆ. ರೀಡ್‌ಗೆ ಮೈನಸ್ ಇ, ಮೈನಸ್ ಐ ಎರಡನ್ನೂ ಸೇರಿಸಿ ಕೊಡಿ. ಮೈನಸ್ ಇ ಅಂದರೆ ರೀಡ್‌ಲೈನ್ ಬಳಸು ಅಂತ. ಬಾಣದ ಕೀಲಿ, ಹೋಮ್, ಎಂಡ್ ಎಲ್ಲ ಕೆಲಸ ಮಾಡುತ್ತವೆ. ಮೈನಸ್ ಐ ಮುಂದೆ ಕೊಟ್ಟ ಪಠ್ಯ ಮೊದಲೇ ತುಂಬಿ ಬರುತ್ತದೆ. ಏನೂ ತಿದ್ದದೆ ಎಂಟರ್ ಒತ್ತಿದರೆ ಹಳೆಯದೂ ಹೊಸದೂ ಒಂದೇ ಆಗಿರುತ್ತದೆ. ಅದನ್ನೇ "ಈ ಫೋಟೊ ಬಿಟ್ಟುಬಿಡು" ಅಂತ ಇಟ್ಟುಕೊಳ್ಳಿ.

ಮ್ಯಾಕ್ ಬಳಸುವವರು ಗುಂಪಲ್ಲಿ ಇದ್ದರೆ ಹುಷಾರು. ಮೈನಸ್ ಐ ಬಂದಿದ್ದು ಬ್ಯಾಶ್ 4ರಲ್ಲಿ, 2009ರಲ್ಲಿ. ಮ್ಯಾಕ್ ಜೊತೆ ಬರುವ ಬ್ಯಾಶ್ ಲೈಸೆನ್ಸ್ ಕಾರಣಕ್ಕೆ 3.2ರಲ್ಲೇ ನಿಂತಿದೆ. ಅಲ್ಲಿ ಇದು ನಡೆಯುವುದಿಲ್ಲ. 2019ರ ಕ್ಯಾಟಲೀನಾದಿಂದ ಈಚೆಗೆ ಮ್ಯಾಕ್‌ನ ಮಾಮೂಲಿ ಶೆಲ್ ಝಡ್‌ಶೆಲ್. ಅದರಲ್ಲಿ ವೇರೆಡ್ ಅಂತ ಕಮಾಂಡ್ ಇದೆ. ವೇರಿಯಬಲ್ ಹೆಸರು ಕೊಟ್ಟರೆ ಅದರೊಳಗೆ ಇರುವುದನ್ನು ತಿದ್ದಲು ಬಿಡುತ್ತದೆ. ಇದೇ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ.

ಫೋಟೊ ತೋರಿಸಲು ಫೆಹ್ ಸಾಕು, ಹಗುರವಾದ ಪ್ರೋಗ್ರಾಂ. ಹಿನ್ನೆಲೆಯಲ್ಲಿ ತೆರೆಯಿರಿ, ಅದರ ಪ್ರೋಸೆಸ್ ನಂಬರ್ ಹಿಡಿದಿಟ್ಟುಕೊಳ್ಳಿ. ಉತ್ತರ ಬಂದ ಮೇಲೆ ಕಿಲ್ ಮಾಡಿ. ಹೊಸ ಕಿಟಕಿ ತೆರೆದಾಗ ಫೋಕಸ್ ಅತ್ತ ಹೋಗುತ್ತದೆ. ನೀವು ಟೈಪ್ ಮಾಡಿದ್ದು ಫೆಹ್‌ಗೆ ಹೋಗಿ ಅದು ಶಾರ್ಟ್‌ಕಟ್ ಅಂದುಕೊಳ್ಳುತ್ತದೆ. ಹೊಸ ಕಿಟಕಿ ಫೋಕಸ್ ಕಸಿಯದ ಹಾಗೆ ಡೆಸ್ಕ್‌ಟಾಪ್ ಸೆಟ್ಟಿಂಗ್‌ನಲ್ಲಿ ಮೊದಲೇ ಬದಲಾಯಿಸಿ.

ಹೆಬ್ಬಾವು_ಬಳಗ

ಈ ದಾರಿಯ ಬುಡವೇ ನನಗೆ ಒಪ್ಪಿಗೆ ಇಲ್ಲ. ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ಕೇಳುವುದು ಒಂದು ಕೆಲಸ, ಹೆಸರು ಬದಲಿಸುವುದು ಇನ್ನೊಂದು ಕೆಲಸ. ನೀವು ಎರಡನ್ನೂ ಒಂದೇ ಲೂಪ್‌ನಲ್ಲಿ ಹೆಣೆದಿದ್ದೀರಿ. ಉತ್ತರ ಕೊಟ್ಟ ಮರುಕ್ಷಣ ಎಂವಿ ಓಡುತ್ತದೆ. ನೂರು ಫೋಟೊ ಮುಗಿಸಿದ ಮೇಲೆ "ಅಯ್ಯೋ, ಮಾಸ್ತಿಗಲ್ಲು ಅಂತ ಬರೆದಿದ್ದು ವೀರಗಲ್ಲು" ಅಂತ ಗೊತ್ತಾದರೆ ಎಲ್ಲಿಂದ ಹುಡುಕುತ್ತೀರಿ? ಹಳೆಯ ಹೆಸರು ಎಲ್ಲೂ ಉಳಿದಿರುವುದಿಲ್ಲ. ಕ್ಯಾಮೆರಾ ನಂಬರ್ ಸುಮ್ನೆ ಕಸ ಅಲ್ಲ. ಯಾವ ಫೋಟೊ ಆದ ಮೇಲೆ ಯಾವುದನ್ನು ತೆಗೆದರು ಅನ್ನುವುದು ಅದರಿಂದ ತಿಳಿಯುತ್ತದೆ. ಒಂದೇ ಕಲ್ಲಿನ ಮೂರು ಪಟ್ಟಿಕೆಗಳನ್ನು ಸಾಲಾಗಿ ತೆಗೆದಿದ್ದರೆ ಆ ಕ್ರಮಕ್ಕೆ ಅದೇ ಸಾಕ್ಷಿ.

ಸ್ಕ್ರಿಪ್ಟ್ ಮೊದಲು ಪಟ್ಟಿ ಬರೆಯಲಿ. ಎಡಗಡೆ ಹಳೆಯ ಹೆಸರು, ನಡುವೆ ಒಂದು ಟ್ಯಾಬ್, ಬಲಗಡೆ ಹೊಸ ಹೆಸರು. ಕೇಳಿದ್ದೆಲ್ಲ ಆ ಪಟ್ಟಿಗೆ ಸೇರಲಿ. ಡಿಸ್ಕ್‌ನಲ್ಲಿ ಒಂದೂ ಬದಲಾಗಬಾರದು. ಪಟ್ಟಿ ಪೂರ್ತಿಯಾದ ಮೇಲೆ ಎಡಿಟರ್‌ನಲ್ಲಿ ತೆರೆದು ಕಣ್ಣಾಡಿಸಿ. ಆಮೇಲೆ ಎರಡನೇ ಸ್ಕ್ರಿಪ್ಟ್ ಬಂದು ಪಟ್ಟಿಯಂತೆ ಹೆಸರು ಬದಲಿಸಲಿ.

ಇದರಿಂದ ಏನೇನು ಸಿಗುತ್ತದೆ ನೋಡಿ. ಮಧ್ಯದಲ್ಲಿ ಕರೆಂಟ್ ಹೋದರೆ ನಾಳೆ ಅಲ್ಲಿಂದಲೇ ಮುಂದುವರಿಸಬಹುದು. ಎರಡು ಫೋಟೊಗೆ ಒಂದೇ ಹೆಸರು ಬಂದಿದ್ದರೆ ಬದಲಿಸುವ ಮೊದಲೇ ಹಿಡಿಯಬಹುದು. ವಾಪಸ್ ಹೋಗಬೇಕೆಂದರೆ ಅದೇ ಪಟ್ಟಿಯನ್ನು ತಿರುಗಿಸಿ ಓದಿದರೆ ಆಯಿತು. ಆ ಪಟ್ಟಿಯನ್ನು ಫೋಟೊಗಳ ಜೊತೆಗೇ ಇಟ್ಟುಬಿಡಿ, ಯಾವತ್ತೂ ಅಳಿಸಬೇಡಿ.

ಸರಪಳಿಯ ಸಮಸ್ಯೆಯೂ ಇದೆ. ನಡುವೆ ಒಂದು ಫೋಟೊ ಸೇರಿತು, 3ನೆಯದು 4 ಆಗಬೇಕು, 4ನೆಯದು 5 ಆಗಬೇಕು ಅಂತಿಟ್ಟುಕೊಳ್ಳಿ. ಮೊದಲಿನಿಂದ ಶುರು ಮಾಡಿದರೆ 3 ಹೋಗಿ ಇನ್ನೂ ಕದಲದ 4ರ ಮೇಲೆ ಬೀಳುತ್ತದೆ. ಪಟ್ಟಿ ಇದ್ದರೆ ಎಲ್ಲವನ್ನೂ ಮೊದಲು ತಾತ್ಕಾಲಿಕ ಹೆಸರಿಗೆ, ಆಮೇಲೆ ಅಲ್ಲಿಂದ ನಿಜವಾದ ಹೆಸರಿಗೆ ಕಳಿಸಬಹುದು. ಪ್ರಶ್ನೆ ಕೇಳುತ್ತಲೇ ಬದಲಿಸುವ ಲೂಪ್‌ನಿಂದ ಇದು ಆಗದು.

ಪೈಪ್‌ಲೈನ್_ಪ್ರಿಯ

@ಹೆಬ್ಬಾವು_ಬಳಗ ಪಟ್ಟಿ ಬೇಕು ಅನ್ನುವುದು ಸರಿ. ಆದರೆ ಪ್ರತಿ ಕೆಲಸಕ್ಕೂ ಎರಡು ಹಂತ ಬೇಕು ಅನ್ನುವುದನ್ನು ಒಪ್ಪುವುದಿಲ್ಲ. ಇಪ್ಪತ್ತು ಫೈಲ್‌ಗೆ ಹೆಸರಿಡುವವರಿಗೆ ತಕ್ಷಣ ಬದಲಾಗಿದ್ದು ಕಂಡರೆ ಕೆಲಸ ಚುರುಕಾಗುತ್ತದೆ. ಮುಂದಿನ ಹೆಸರು ಇಡುವಾಗ ಹಿಂದಿನವು ಫೋಲ್ಡರ್‌ನಲ್ಲಿ ಕಾಣುತ್ತವೆ, ಕ್ರಮಸಂಖ್ಯೆ ತಪ್ಪುವುದಿಲ್ಲ. ಎಂವಿಗೆ ಮುಂಚೆ ಒಂದು ಸಾಲು ಲಾಗ್ ಬರೆದರೆ ಹಿಂದಕ್ಕೆ ಹೋಗುವ ದಾರಿಯೂ ಸಿಕ್ಕಿತು. ಲಾಗ್ ಮೊದಲು, ಎಂವಿ ಆಮೇಲೆ. ಈ ಕ್ರಮ ಮುಖ್ಯ.

ಯಾರು ಯಾವ ದಾರಿ ಹಿಡಿದರೂ ಎಂವಿಗೆ ಈ ಮೂರು ಇರಲಿ. ಮೈನಸ್ ಎನ್ ಇದ್ದರೆ ಇರುವ ಫೈಲ್ ಮೇಲೆ ಬರೆಯುವುದಿಲ್ಲ. ಮೈನಸ್ ಟಿ, ದೊಡ್ಡಕ್ಷರದ್ದು, ಇದ್ದರೆ ಹೊಸ ಹೆಸರಿನ ಫೋಲ್ಡರ್ ಇದ್ದಾಗ ಫೈಲ್ ಅದರೊಳಗೆ ಹೋಗಿ ಕೂರುವುದಿಲ್ಲ. ಇದು ಲಿನಕ್ಸ್‌ನ ಗ್ನೂ ಎಂವಿಯಲ್ಲಿ ಸಿಗುತ್ತದೆ. ಕೊನೆಗೆ ಬರೀ ಎರಡು ಮೈನಸ್, ಯಾವುದೋ ಹೆಸರು ಮೈನಸ್‌ನಿಂದಲೇ ಶುರುವಾದರೆ ಅದನ್ನು ಆಯ್ಕೆ ಅಂದುಕೊಳ್ಳದಿರಲಿ ಅಂತ. ಮೈನಸ್ ಎನ್ ಕಾರಣಕ್ಕೆ ಬಿಟ್ಟುಹೋದಾಗ ಎಂವಿ ಕೊಡುವ ಎಕ್ಸಿಟ್ ಕೋಡ್ ಎಲ್ಲ ಆವೃತ್ತಿಯಲ್ಲಿ ಒಂದೇ ಥರ ಇಲ್ಲ. ಹಾಗಾಗಿ ಹೊಸ ಹೆಸರಿನ ಫೈಲ್ ಇದೆಯಾ ಅಂತ ನೀವೇ ಮೊದಲು ನೋಡಿ.

ಮೇಷ್ಟ್ರ_ಮಗಳು

ಒಂದು ಪ್ರಶ್ನೆ ಕೇಳಲಾ? ಕಲ್ಲು ಓದಿ ಹೆಸರು ಹೇಳುವವರು ಯಾರು? ನಮ್ಮ ತಂದೆ ನಿವೃತ್ತ ಕನ್ನಡ ಮೇಷ್ಟ್ರು. ಹಳಗನ್ನಡ ಲಿಪಿಯನ್ನು ಸಲೀಸಾಗಿ ಓದುತ್ತಾರೆ. ಟರ್ಮಿನಲ್ ಮುಂದೆ ಅವರನ್ನು ಕೂರಿಸಲು ಆಗುವುದಿಲ್ಲ. ಸ್ಪ್ರೆಡ್‌ಶೀಟ್ ಕೊಟ್ಟರೆ ನೆಮ್ಮದಿಯಿಂದ ತುಂಬುತ್ತಾರೆ.

ಕಲ್ಲುಬರಹ

@ಮೇಷ್ಟ್ರ_ಮಗಳು ನಮ್ಮಲ್ಲೂ ಹಾಗೇ ಮೇಡಂ. ಫೋಟೊ ತೆಗೆಯುವವರು ನಾವು ಹುಡುಗರು. ಓದುವವರು ಹಿರಿಯರೊಬ್ಬರು, ಅವರು ಬೇರೆ ಊರಲ್ಲಿದ್ದಾರೆ. ಅವರು ಓದಿ ಹೇಳಿದ್ದನ್ನು ನಾನು ಟೈಪ್ ಮಾಡೋಣ ಅಂದುಕೊಂಡಿದ್ದೆ. ನೀವು ಹೇಳಿದ್ದೇ ಮೇಲು. ಹೆಬ್ಬಾವು ಸರ್ ಹೇಳಿದ ಟ್ಯಾಬ್ ಪಟ್ಟಿಯನ್ನೇ ಅವರಿಗೆ ಕಳಿಸಬಹುದಲ್ವಾ?

ಹೆಬ್ಬಾವು_ಬಳಗ

ಧಾರಾಳವಾಗಿ. ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ತೆರೆಯುವಾಗ ಎರಡೂ ಕಾಲಂಗಳನ್ನು "ಟೆಕ್ಸ್ಟ್" ಅಂತ ಆರಿಸಲು ಹೇಳಿ. ಇಲ್ಲದಿದ್ದರೆ 3-4 ಅಂತ ಬರೆದದ್ದು ತಾರೀಖು ಆಗಿಬಿಡುತ್ತದೆ, 007ರ ಸೊನ್ನೆಗಳು ಮಾಯವಾಗುತ್ತವೆ. ಉಳಿಸುವಾಗ ಯುಟಿಎಫ್-8 ಇರಲಿ.

ಎಕ್ಸೆಲ್ ಆದರೆ ಯುಟಿಎಫ್-8 ಫೈಲ್‌ನ ತಲೆಗೆ ಬಾಮ್ ಅನ್ನುವ ಕಾಣದ ಗುರುತು ಸೇರಿಸಬಹುದು. ಆಗ ಮೊದಲ ಸಾಲಿನ ಫೋಟೊ ಮಾತ್ರ "ಸಿಗಲಿಲ್ಲ" ಅನ್ನುತ್ತದೆ, ಉಳಿದವೆಲ್ಲ ಸರಿ ಇರುತ್ತವೆ. ಪೈಥಾನ್‌ನಲ್ಲಿ ಫೈಲ್ ಓದುವಾಗ ಎನ್‌ಕೋಡಿಂಗ್ ಹೆಸರನ್ನು ಯುಟಿಎಫ್-8-ಸಿಗ್ ಅಂತ ಕೊಟ್ಟರೆ ಗುರುತು ಇದ್ದರೂ ಇಲ್ಲದಿದ್ದರೂ ನಡೆಯುತ್ತದೆ.

ಎರಡನೇ ಸ್ಕ್ರಿಪ್ಟ್ ಅನ್ನು ಪೈಥಾನ್‌ನಲ್ಲೇ ಬರೆಯಿರಿ ಅಂತ ನನ್ನ ಸಲಹೆ. ಒಂದು ಎಚ್ಚರ: ಲಿನಕ್ಸ್, ಮ್ಯಾಕ್‌ಗಳಲ್ಲಿ ಪೈಥಾನ್‌ನ ಓಎಸ್ ರಿನೇಮ್ ಇರುವ ಫೈಲ್ ಮೇಲೆ ಸದ್ದಿಲ್ಲದೆ ಬರೆಯುತ್ತದೆ. ವಿಂಡೋಸ್‌ನಲ್ಲಿ ಮಾತ್ರ ಎರರ್ ಕೊಡುತ್ತದೆ.

ಅಕ್ಷರ_ಲೆಕ್ಕ

ಇಷ್ಟು ಹೊತ್ತು ಓದುತ್ತಿದ್ದೆ. ಕನ್ನಡ ಹೆಸರು ಅಂದಮೇಲೆ ಹೇಳಲೇಬೇಕಾದ ಸಂಗತಿಗಳು ಇವೆ. ಇಂಗ್ಲಿಷ್‌ನಲ್ಲಿ ಹೆಸರಿಡುವವರಿಗೆ ಇವು ಎದುರಾಗುವುದೇ ಇಲ್ಲ. ಹಾಗಾಗಿ ಬೇರೆ ಕಡೆ ಓದಲು ಸಿಗುವುದೂ ಕಡಿಮೆ.

ಒಂದು, ಉದ್ದ. ಲಿನಕ್ಸ್‌ನ ಎಕ್ಸ್ಟ್4 ಫೈಲ್ ವ್ಯವಸ್ಥೆಯಲ್ಲಿ ಫೈಲ್ ಹೆಸರು 255 ಬೈಟ್ ಮೀರುವಂತಿಲ್ಲ. ಅದು 255 ಅಕ್ಷರ ಅಲ್ಲ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್. ವ್ಯಂಜನಕ್ಕೆ 3, ಗುಣಿತಕ್ಕೆ 3, ಒತ್ತಕ್ಷರ ಮಾಡುವ ಹಲಂತಕ್ಕೆ ಇನ್ನೊಂದು 3. "ದೊಡ್ಡಗದ್ದವಳ್ಳಿ" ಕಣ್ಣಿಗೆ ಆರು ಅಕ್ಷರ, ಡಿಸ್ಕ್‌ಗೆ 42 ಬೈಟ್. ಒಟ್ಟು 85 ಚಿಹ್ನೆ ಬಂತೆಂದರೆ ಮಿತಿ ತಲುಪಿತು. ಊರು, ಹೋಬಳಿ, ತಾಲ್ಲೂಕು, ಅರಸನ ಹೆಸರು ಎಲ್ಲ ಸೇರಿಸಿದರೆ ಇದು ದೂರದ ಮಾತಲ್ಲ. ಪಟ್ಟಿ ಪರೀಕ್ಷೆ ಮಾಡುವಾಗ ಬೈಟ್ ಎಣಿಸಿ.

ಎರಡು, ಒಂದೇ ಥರ ಕಾಣುವ ಎರಡು ಹೆಸರು. ಇದು ದೊಡ್ಡ ಪೇಚು. ಯೂನಿಕೋಡ್‌ನಲ್ಲಿ ಕನ್ನಡದ ಕೆಲವು ದೀರ್ಘ ಗುಣಿತಗಳನ್ನು ಎರಡು ರೀತಿ ಬರೆಯಬಹುದು. ಏತ್ವದ ದೀರ್ಘವನ್ನು ಒಂದೇ ಚಿಹ್ನೆಯಾಗಿ ಇಡಬಹುದು. ಎತ್ವ ಬರೆದು ಅದರ ಪಕ್ಕ ದೀರ್ಘದ ಗುರುತನ್ನು ಬೇರೆ ಚಿಹ್ನೆಯಾಗಿಯೂ ಇಡಬಹುದು. ಓತ್ವದ ದೀರ್ಘವಂತೂ ಬಿಡಿಸಿದರೆ ಮೂರು ತುಂಡು. ತೆರೆಯ ಮೇಲೆ ವ್ಯತ್ಯಾಸ ಕಾಣುವುದಿಲ್ಲ. "ಹಳೇಬೀಡು" ಕೂಡಿಸಿ ಬರೆದರೆ 21 ಬೈಟ್, ಬಿಡಿಸಿ ಬರೆದರೆ 27. ಲಿನಕ್ಸ್‌ಗೆ ಇವು ಎರಡು ಬೇರೆ ಹೆಸರು. ಒಂದೇ ಫೋಲ್ಡರ್‌ನಲ್ಲಿ ಎರಡೂ ಕೂರುತ್ತವೆ, ಹುಡುಕಿದರೆ ಒಂದು ಮಾತ್ರ ಸಿಗುತ್ತದೆ.

ಬಿಡಿಸಿದ ರೂಪ ಎಲ್ಲಿಂದ ಬರುತ್ತದೆ? ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್‌ಗಳು ಹೆಸರನ್ನು ಬಿಡಿಸಿಯೇ ಇಡುತ್ತಿದ್ದವು. ಅಲ್ಲಿಂದ ನಕಲು ಮಾಡಿದ ಫೋಲ್ಡರ್‌ಗಳಲ್ಲಿ ಇವು ಸಿಗುತ್ತವೆ. ಮದ್ದು ಸುಲಭ. ಹೊಸ ಹೆಸರನ್ನು ಪಟ್ಟಿಯಿಂದ ಓದಿದ ಕೂಡಲೇ ಪೈಥಾನ್‌ನ ಯೂನಿಕೋಡ್‌ಡೇಟಾದಲ್ಲಿರುವ ನಾರ್ಮಲೈಸ್ ಮೂಲಕ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಕೂಡಿಸಿದ ರೂಪಕ್ಕೆ, ತನ್ನಿ. ಹಳೆಯ ಹೆಸರನ್ನು ಮಾತ್ರ ಮುಟ್ಟಬೇಡಿ. ಅದು ಡಿಸ್ಕ್‌ನಲ್ಲಿ ಇದ್ದ ಹಾಗೇ ಇರಬೇಕು, ಇಲ್ಲದಿದ್ದರೆ ಫೈಲ್ ಸಿಗುವುದಿಲ್ಲ. ಈಗಾಗಲೇ ಬಿಡಿಸಿದ ಹೆಸರಿನ ಫೈಲ್‌ಗಳಿದ್ದರೆ ಕಾನ್ವ್‌ಎಂವಿ ಅಂತ ಟೂಲ್ ಇದೆ. ಸುಮ್ಮನೆ ಓಡಿಸಿದರೆ ಏನು ಮಾಡುತ್ತೇನೆ ಅಂತ ತೋರಿಸುತ್ತದೆ ಅಷ್ಟೇ. ನಿಜವಾಗಿ ಬದಲಿಸಲು ನೋಟೆಸ್ಟ್ ಅನ್ನುವ ಆಯ್ಕೆ ಕೊಡಬೇಕು. ಎಲ್ಲ ಟೂಲ್‌ಗಳೂ ಹೀಗೇ ಇರಬೇಕಿತ್ತು.

ಮೂರು, ಕಾಣದ ಜೋಡಕಗಳು. ಹಲಂತದ ಮುಂದೆ ಅಕ್ಷರ ಒತ್ತಾಗದಿರಲಿ ಅಂತ ನಾವು ಸೇರಿಸುವ ಝಡ್‌ಡಬ್ಲ್ಯೂಎನ್‌ಜೆಗೆ ಅಗಲವೇ ಇಲ್ಲ. ಎನ್‌ಎಫ್‌ಸಿ ಇದನ್ನು ತೆಗೆಯುವುದಿಲ್ಲ. ಪದದ ನಡುವೆ ಬೇಕಾದ ಕಡೆ ಇರಲಿ. ಹೆಸರಿನ ಕೊನೆಯಲ್ಲಿ, ಅಂಡರ್‌ಸ್ಕೋರ್ ಪಕ್ಕದಲ್ಲಿ ಉಳಿದಿದ್ದರೆ ಕಿತ್ತುಹಾಕಿ.

ನಾಲ್ಕು, ಅಂಕಿ. ಕನ್ನಡ ಅಂಕಿ ಬಳಸುವ ಆಸೆ ಇದ್ದರೆ ಬ್ಯಾಶ್‌ನ ಲೆಕ್ಕಕ್ಕೆ ಅವು ತಿಳಿಯುವುದಿಲ್ಲ. ಪೈಥಾನ್‌ನ ಇಂಟ್ ಮಾತ್ರ "೦೮" ಕೊಟ್ಟರೂ 8 ಅಂತ ಸರಿಯಾಗಿ ಓದುತ್ತದೆ. ಬ್ಯಾಶ್‌ನಲ್ಲಿ ಮಾಮೂಲಿ 08 ಕೂಡ ಎರರ್ ಕೊಡುತ್ತದೆ. ಮುಂದೆ ಸೊನ್ನೆ ಇದ್ದರೆ ಅದು ಎಂಟರ ಆಧಾರದ ಸಂಖ್ಯೆ ಅಂದುಕೊಳ್ಳುತ್ತದೆ. ಯಾವ ಅಂಕಿ ಬಳಸಿದರೂ ಮೂರು ಸ್ಥಾನಕ್ಕೆ ಸೊನ್ನೆ ತುಂಬಿ. ಇಲ್ಲದಿದ್ದರೆ 10 ಬಂದು 2ಕ್ಕಿಂತ ಮುಂದೆ ನಿಲ್ಲುತ್ತದೆ.

ತುಂಗೆಯ_ತಡಿ

ಇದನ್ನು ಓದಿದ ಮೇಲೆ ನನ್ನ ರೀಡ್‌ಲೈನ್ ಸಲಹೆಗೆ ಒಂದು ಮಾತು ಸೇರಿಸುತ್ತೇನೆ. ಹಲವು ಟರ್ಮಿನಲ್‌ಗಳಲ್ಲಿ ಕನ್ನಡದ ಒತ್ತು, ಗುಣಿತ ಸರಿಯಾಗಿ ಕೂಡುವುದಿಲ್ಲ. ಕರ್ಸರ್ ಒಂದು ಕಡೆ ಕಾಣುತ್ತದೆ, ಅಳಿಯುವುದು ಇನ್ನೊಂದು ಕಡೆ. ಇಂಗ್ಲಿಷ್ ಹೆಸರು ತಿದ್ದಲು ಮೈನಸ್ ಐ ಚೆನ್ನಾಗಿದೆ. ಉದ್ದದ ಕನ್ನಡ ಹೆಸರು ತಿದ್ದಲು ಎಡಿಟರ್ ಅಥವಾ ಸ್ಪ್ರೆಡ್‌ಶೀಟೇ ವಾಸಿ.

ಗೂಡಂಗಡಿ

ಸ್ಕ್ರಿಪ್ಟ್ ಯಾಕೆ ಬರೆಯಬೇಕು? ರಿನೇಮ್ ಅಂತ ಕಮಾಂಡೇ ಇದೆಯಲ್ಲ?

ಪೈಪ್‌ಲೈನ್_ಪ್ರಿಯ

ಆ ಹೆಸರಲ್ಲಿ ಎರಡು ಬೇರೆ ಪ್ರೋಗ್ರಾಂ ಇವೆ. ಡೆಬಿಯನ್, ಉಬುಂಟುಗಳಲ್ಲಿ ಸಿಗುವುದು ಪರ್ಲ್‌ನದ್ದು, ರೆಗ್ಯುಲರ್ ಎಕ್ಸ್‌ಪ್ರೆಶನ್ ಕೇಳುತ್ತದೆ. ಫೆಡೋರಾದಲ್ಲಿ ಬರುವುದು ಯುಟಿಲ್-ಲಿನಕ್ಸ್‌ನದ್ದು, ಬರೀ ಇದರ ಬದಲು ಅದು ಅಂತ ಬದಲಿಸುತ್ತದೆ. ಒಂದಕ್ಕೆ ಬರೆದ ಕಮಾಂಡ್ ಇನ್ನೊಂದರಲ್ಲಿ ನಡೆಯುವುದಿಲ್ಲ. ಎರಡೂ ಒಂದು ಮಾದರಿ ಹಿಡಿದು ಗುಂಪಾಗಿ ಬದಲಿಸಲು ಇರುವಂಥವು. ಇಲ್ಲಿ ಮಾದರಿಯೇ ಇಲ್ಲ.

ನೀವು ಕೇಳಿದ್ದಕ್ಕೆ ಹತ್ತಿರದ್ದು ಮೋರ್‌ಯುಟಿಲ್ಸ್‌ನ ವಿಐಡಿಐಆರ್. ಫೋಲ್ಡರ್‌ನ ಪಟ್ಟಿಯನ್ನು ಎಡಿಟರ್‌ನಲ್ಲಿ ತೆರೆಯುತ್ತದೆ. ತಿದ್ದಿ ಉಳಿಸಿದರೆ ಹೆಸರುಗಳು ಬದಲಾಗುತ್ತವೆ. ಒಂದು ಸಾಲು ಅಳಿಸಿದರೆ ಆ ಫೈಲೇ ಹೋಗುತ್ತದೆ, ಅದು ನೆನಪಿರಲಿ. ರಿನೇಮ್‌ಯುಟಿಲ್ಸ್‌ನಲ್ಲಿ ಕ್ಯುಎಂವಿ, ಐಎಂವಿ ಇವೆ. ಐಎಂವಿ ಒಂದೇ ಫೈಲ್‌ನ ಹೆಸರನ್ನು ಸ್ಥಳದಲ್ಲೇ ತಿದ್ದಲು ಬಿಡುತ್ತದೆ. ಆದರೆ ಇವು ಯಾವುವೂ ಊರಾಚೆಯ ಹಿರಿಯರಿಗೆ ಪಟ್ಟಿ ಕಳಿಸಿಕೊಡುವುದಿಲ್ಲ. ಅದಕ್ಕೆ ನಿಮ್ಮದೇ ಸ್ಕ್ರಿಪ್ಟ್ ಬೇಕು.

ಮೇಷ್ಟ್ರ_ಮಗಳು

ಫೋಟೊಗಳನ್ನು ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ, ಪೆನ್‌ಡ್ರೈವ್‌ನಲ್ಲಿ ನೋಡುವವರೂ ಇರುತ್ತಾರೆ. ಕೋಲನ್, ಪ್ರಶ್ನಾರ್ಥಕ ಚಿಹ್ನೆ, ನಕ್ಷತ್ರ, ಡಬಲ್ ಕೋಟ್, ಕೋನದ ಕಂಸ, ಉದ್ದ ಗೆರೆ ಇವು ಯಾವುವೂ ಅಲ್ಲಿ ಹೆಸರಲ್ಲಿ ಬರುವಂತಿಲ್ಲ. ಲಿನಕ್ಸ್ ಒಪ್ಪಿಕೊಳ್ಳುತ್ತದೆ. ನಕಲು ಮಾಡುವಾಗ ಮಾತ್ರ ಗೊತ್ತಾಗುತ್ತದೆ. ಪಟ್ಟಿ ಪರೀಕ್ಷೆಯಲ್ಲೇ ಹಿಡಿದುಬಿಡಿ.

ಕಲ್ಲುಬರಹ

ಎಲ್ಲರ ಮಾತು ಕೂಡಿಸಿ ಎರಡು ಸ್ಕ್ರಿಪ್ಟ್ ಬರೆದಿದ್ದೇನೆ. ಪರೀಕ್ಷೆಗೆ ನಕಲು ಫೋಲ್ಡರ್ ಮೇಲೆ ಓಡಿಸಿದ್ದು ಸರಿ ಬಂದಿದೆ. ಕನ್ನಡದಲ್ಲಿ ಬರೆದರೆ ಹೀಗಿದೆ, ಏನಾದರೂ ತಪ್ಪಿದ್ದರೆ ಹೇಳಿ.

ಮೊದಲನೆಯದು, ಕೇಳುವುದು:

    ಪಟ್ಟಿ ಫೈಲ್ ಇದ್ದರೆ ಓದು, ಇಲ್ಲದಿದ್ದರೆ ಹೊಸದು ಮಾಡು
    ಪ್ರತಿ ಫೋಟೊಗೆ:
        ಪಟ್ಟಿಯಲ್ಲಿ ಆಗಲೇ ಇದ್ದರೆ ಮುಂದಕ್ಕೆ ಹೋಗು
        ಫೋಟೊ ತೋರಿಸು
        ಊರು ಕೇಳು (ಹಿಂದಿನ ಊರೇ ತುಂಬಿರಲಿ)
        ಕಲ್ಲಿನ ಬಗೆ ಕೇಳು (1 ಶಾಸನ, 2 ವೀರಗಲ್ಲು, 3 ಮಾಸ್ತಿಗಲ್ಲು, 4 ಗೊತ್ತಿಲ್ಲ)
        ಕ್ರಮಸಂಖ್ಯೆ ತಾನೇ ಹಾಕು
        ಹಳೆಯ ಹೆಸರು, ಹೊಸ ಹೆಸರು ಪಟ್ಟಿಗೆ ಸೇರಿಸಿ ತಕ್ಷಣ ಉಳಿಸು

ಎರಡನೆಯದು, ಬದಲಿಸುವುದು:

    ಪಟ್ಟಿ ಓದು, ಹೊಸ ಹೆಸರನ್ನು ಎನ್‌ಎಫ್‌ಸಿಗೆ ತರು
    ಪರೀಕ್ಷಿಸು: ಹಳೆಯ ಫೈಲ್ ಇದೆಯಾ, ಹೊಸ ಹೆಸರು ಎರಡು ಸಲ ಬಂದಿದೆಯಾ,
        ಪಟ್ಟಿಯ ಹೊರಗಿನ ಫೈಲ್‌ಗೆ ಅದೇ ಹೆಸರಿದೆಯಾ,
        255 ಬೈಟ್ ಮೀರಿದೆಯಾ, ವಿಂಡೋಸ್ ಒಪ್ಪದ ಚಿಹ್ನೆ ಇದೆಯಾ
    ಒಂದು ತಪ್ಪು ಸಿಕ್ಕರೂ ಎಲ್ಲ ತಪ್ಪು ಅಚ್ಚು ಮಾಡಿ ನಿಲ್ಲು
    "ಮಾಡು" ಅಂತ ಹೇಳದಿದ್ದರೆ ಬರೀ ತೋರಿಸಿ ನಿಲ್ಲು
    ಎಲ್ಲವನ್ನೂ ತಾತ್ಕಾಲಿಕ ಹೆಸರಿಗೆ, ಆಮೇಲೆ ಹೊಸ ಹೆಸರಿಗೆ ಬದಲಿಸು

ಹೆಸರನ್ನು ಇಡಿಯಾಗಿ ಟೈಪ್ ಮಾಡುವ ಬದಲು ತುಂಡು ತುಂಡಾಗಿ ಕೇಳಿದ್ದರಿಂದ ಒಂದೇ ಊರನ್ನು ಬೇರೆ ಬೇರೆ ರೀತಿ ಬರೆಯುವುದು ನಿಂತಿತು. "ಗೊತ್ತಿಲ್ಲ" ಅಂತ ಬಂದ ಸಾಲುಗಳನ್ನಷ್ಟೇ ಬೇರೆ ಮಾಡಿ ಹಿರಿಯರಿಗೆ ಕಳಿಸುತ್ತಿದ್ದೇನೆ.

ಹೆಬ್ಬಾವು_ಬಳಗ

ಚೆನ್ನಾಗಿದೆ! ತಾತ್ಕಾಲಿಕ ಹೆಸರುಗಳು ಅದೇ ಫೋಲ್ಡರ್‌ನಲ್ಲೇ ಇರಲಿ. ಬೇರೆ ಡಿಸ್ಕ್‌ನಲ್ಲಿದ್ದರೆ ಅದು ಹೆಸರು ಬದಲಿಸುವುದಲ್ಲ, ನಕಲು ಮಾಡಿ ಅಳಿಸುವುದು. ತಾತ್ಕಾಲಿಕ ಹೆಸರಿನ ಹೊಂದಾಣಿಕೆಯನ್ನೂ ಬದಲಿಸುವ ಮೊದಲೇ ಪಟ್ಟಿಗೆ ಬರೆದಿಡಿ. ನಡುವೆ ನಿಂತರೆ ಯಾವುದು ಯಾವುದು ಅಂತ ಅದರಿಂದಲೇ ತಿಳಿಯಬೇಕು.

ಕಲ್ಲುಬರಹ

ಸೇರಿಸುತ್ತೇನೆ ಸರ್. ಕೊನೆಯ ಸಂಶಯ. ಅಚ್ಚಾದ ಶಾಸನ ಸಂಪುಟಗಳಲ್ಲಿರುವ ಕಲ್ಲುಗಳಿಗೆ ತಾಲ್ಲೂಕಿನ ಹೆಸರು, ಶಾಸನದ ಸಂಖ್ಯೆ ಹಾಕುತ್ತಿದ್ದೇವೆ. ಹಿರಿಯರು ಸಂಪುಟ, ಸಂಖ್ಯೆಗಳ ನಡುವೆ ಸ್ಲ್ಯಾಶ್ ಹಾಕಿ ಕಳಿಸಿದ್ದಾರೆ. ಪರೀಕ್ಷೆಯಲ್ಲಿ ಹಾದುಹೋಯಿತು, ಬದಲಿಸುವಾಗ "ಅಂಥ ಫೋಲ್ಡರ್ ಇಲ್ಲ" ಅಂತ ನಿಂತಿತು.

ಅಕ್ಷರ_ಲೆಕ್ಕ

ಸ್ಲ್ಯಾಶ್ ಅಂದರೆ ಲಿನಕ್ಸ್‌ಗೆ ಫೋಲ್ಡರ್‌ನ ಗಡಿ. ಹೆಸರಲ್ಲಿ ಬರಲೇಬಾರದ್ದು ಎರಡೇ: ಸ್ಲ್ಯಾಶ್, ಸೊನ್ನೆ ಬೈಟ್. ಅದನ್ನು ಪರೀಕ್ಷೆಯ ಸಾಲಿಗೆ ಸೇರಿಸಿ, ಬದಲಿಗೆ ಹೈಫನ್ ಹಾಕಿ. ಸ್ಲ್ಯಾಶ್‌ನಂತೆಯೇ ಕಾಣುವ ಬೇರೆ ಯೂನಿಕೋಡ್ ಚಿಹ್ನೆ ಹಾಕಲು ಹೋಗಬೇಡಿ, ಮುಂದೆ ಯಾರಿಗೂ ಕೀಬೋರ್ಡ್‌ನಲ್ಲಿ ಹುಡುಕಲು ಆಗುವುದಿಲ್ಲ. ಹಿರಿಯರು ಬರೆದ ಮೂಲ ರೂಪವನ್ನು ಪಟ್ಟಿಯ ಮೂರನೇ ಕಾಲಂನಲ್ಲಿ ಹಾಗೇ ಇಡಿ.

ಕಲ್ಲುಬರಹ

ಸರಿಯಾಯಿತು. ಬೇಲೂರು ತಾಲ್ಲೂಕಿನ ಫೋಲ್ಡರ್ ಪೂರ್ತಿ ಬದಲಾಯಿತು, ಪಟ್ಟಿಯೂ ಅದರೊಳಗೇ ಇದೆ. ಎರಡೂ ಸ್ಕ್ರಿಪ್ಟ್‌ಗಳನ್ನು ಬೇಕಾದವರಿಗೆ ಕಳಿಸುತ್ತೇನೆ, ಇಲ್ಲೇ ಕೇಳಿ. ಮುಂದಿನದು ಅರಸೀಕೆರೆ.